ಹೊಸದಾಗಿ ಕಟ್ಟಿಸಿದ ಹಳೆ ರೇಸ್ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಡಬೇಡಿ

ಹಳೆಯ ಫಾರ್ಮುಲಾ ಫೋರ್ಡ್ ಕಾರು (ಒಬ್ಬರೇ ಕೂರುವ ಸಣ್ಣ ರೇಸ್ ಕಾರು) ಇಟ್ಟುಕೊಂಡವರು, ಕೊಳ್ಳುವ ಆಸೆ ಇರುವವರು ದಯವಿಟ್ಟು ಓದಿ. ನಾನಿರುವುದು ಇಂಗ್ಲೆಂಡಿನಲ್ಲಿ. 1970ರ ದಶಕದ ಒಂದು ಕಾರು ಕೊಂಡು, ಅದರ 1600 ಸಿಸಿ ಕೆಂಟ್ ಎಂಬ ಫೋರ್ಡ್ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ಕಟ್ಟಿಸಿದೆ. ವಾಲ್ವ್ ತೆರೆಯಿಸುವ ಉಬ್ಬುಗಳಿರುವ ಕ್ಯಾಮ್‌ಶಾಫ್ಟ್, ಆ ಉಬ್ಬಿನ ತಳ್ಳಿಕೆಯನ್ನು ವಾಲ್ವಿನತ್ತ ಮುಟ್ಟಿಸುವ ಟ್ಯಾಪೆಟ್ ಎಲ್ಲಾ ಹೊಸದು. ಎರಡು ಸೀಸನ್ ಬರಬೇಕಿದ್ದ ಎಂಜಿನ್ ಮೂರನೇ ರೇಸಿಗೇ ಹೋಯಿತು.

ಯಾವ ಆಯಿಲ್ ಹಾಕಲಿ ಎಂದು ಕೇಳಿದ್ದಕ್ಕೆ ವರ್ಕ್‌ಶಾಪಿನವರು "ಒಳ್ಳೆ ಸಿಂಥೆಟಿಕ್ ಯಾವುದಾದ್ರೂ ನಡೆಯುತ್ತೆ" ಅಂದರು. ಮನೆಯ ಕಾರಿಗೆ ತಂದಿದ್ದ 5ಡಬ್ಲ್ಯೂ-30 ಎಂಬ ತೆಳು ಆಯಿಲ್ ಸುರಿದೆ. ಆಮೇಲೆ ಮೂರು ಭಾನುವಾರ ಗ್ಯಾರೇಜಿನಲ್ಲೇ ಸ್ಟಾರ್ಟ್ ಮಾಡಿ ಹತ್ತತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೆ. ಮೆಲ್ಲಗೆ ಪಳಗಲಿ ಎಂಬ ಆಸೆ. ಎಂಜಿನ್ ಸವೆದದ್ದೇ ಅಲ್ಲಿ.

ಕ್ಯಾಮ್‌ನ ಉಬ್ಬುಗಳಿಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ತಿರುಗುವಾಗ ಎರಚುವ ಆಯಿಲೇ ಗತಿ. ಐಡ್ಲಿಂಗ್‌ನಲ್ಲಿ ಅದು ಸಾಲದು. ಹೊಸ ಕ್ಯಾಮ್, ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವುದು ಮೊದಲ 20 ನಿಮಿಷದಲ್ಲಿ. ಆಗ 2000ದಿಂದ 2500 ಆರ್‌ಪಿಎಂನಲ್ಲಿ ಓಡಿಸಲೇಬೇಕು. ಅದಕ್ಕೂ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಗೇಜಿನಲ್ಲಿ ಆಯಿಲ್ ಪ್ರೆಷರ್ ಕಾಣುವವರೆಗೆ ಬರೀ ಸ್ಟಾರ್ಟರ್‌ನಿಂದ ತಿರುಗಿಸಬೇಕು.

ಆಯಿಲ್ ವಿಷಯ ಇನ್ನೂ ಮುಖ್ಯ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಎಂದು ಈಗಿನ ತೆಳು ಪೆಟ್ರೋಲ್ ಕಾರು ಆಯಿಲ್‌ಗಳಲ್ಲಿ ಫಾಸ್ಫರಸ್ಸನ್ನು ಸಾಮಾನ್ಯವಾಗಿ ಶೇ 0.08ರೊಳಗೆ ಇಡುತ್ತಾರೆ. ಕ್ಯಾಮ್ ಮೇಲೆ ಉಜ್ಜುತ್ತಲೇ ಇರುವ ಚಪ್ಪಟೆ ಟ್ಯಾಪೆಟ್ಟನ್ನು ಕಾಯುವುದು ಆಯಿಲ್‌ಗೆ ಬೆರೆಸುವ ಸತು-ಫಾಸ್ಫರಸ್ ಸೇರಿಕೆಯೇ. ಊರಲ್ಲಿ ಹಳೆ ಅಂಬಾಸಿಡರ್, ಫಿಯೆಟ್ 1100 ಇಟ್ಟುಕೊಂಡವರೂ ಇದನ್ನು ಗಮನಿಸಿ, ಅವುಗಳ ಟ್ಯಾಪೆಟ್ ಕೂಡ ಇದೇ ತರದ್ದು.

ಎಂಜಿನ್ ಸುಳಿವು ಕೊಟ್ಟಿತ್ತು. ಮೊದಲ ರೇಸ್ ಆದ ಮೇಲೆ ಒಂದು ವಾಲ್ವಿನ ಟ್ಯಾಪೆಟ್ ಸಂದು ಜಾಸ್ತಿ ಆಗಿತ್ತು. ಸ್ಕ್ರೂ ತಿರುಗಿಸಿ ಸರಿ ಮಾಡಿದೆ. ಎರಡನೇ ರೇಸ್ ಆದ ಮೇಲೆ ಅದೇ ವಾಲ್ವ್, ಮತ್ತೆ ಜಾಸ್ತಿ. ಮತ್ತೆ ತಿರುಗಿಸಿದೆ! ಕ್ಯಾಮ್‌ನ ಉಬ್ಬು ಸವೆದು ಹೋಗುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ಮೂರನೇ ರೇಸ್, ಸ್ನೆಟರ್ಟನ್ ಟ್ರ್ಯಾಕಿನಲ್ಲಿ, ಮಿಸ್ಸಿಂಗ್ ಶುರುವಾಯಿತು. ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದರೆ ಮಡಿಕೆ ಮಡಿಕೆಯಲ್ಲೂ ಲೋಹದ ಪುಡಿ.

ಕೆಂಟ್ ಎಂಜಿನ್ನಿನ ಟ್ಯಾಪೆಟ್ ಕೆಳಗಿನಿಂದ ಮಾತ್ರ ಹೊರಬರುತ್ತದೆ. ಅಂದರೆ ಎಂಜಿನ್ ಕೆಳಗಿಳಿಸಿ, ತಲೆಕೆಳಗು ಮಾಡಿ, ಎಲ್ಲಾ ಬಿಚ್ಚಬೇಕು. ಆ ಪುಡಿ ಬೇರಿಂಗುಗಳನ್ನೆಲ್ಲ ಗೀಚಿತ್ತು. ಕ್ರ್ಯಾಂಕನ್ನೂ ಗ್ರೈಂಡ್ ಮಾಡಿಸಬೇಕಾಯಿತು. ಎರಡು ವರ್ಷ ಕೂಡಿಟ್ಟ ದುಡ್ಡು ಹೋಯಿತು, ಆ ನೋವು ಇನ್ನೂ ಇದೆ.

ಈಗ ಸತು ಜಾಸ್ತಿ ಇರುವ, ದಪ್ಪನೆಯ 20ಡಬ್ಲ್ಯೂ-50 ರೇಸಿಂಗ್ ಆಯಿಲ್ ಹಾಕುತ್ತೇನೆ. ಪ್ರತಿ ರೇಸ್ ಮುಗಿದ ಮೇಲೆ ಫಿಲ್ಟರ್ ಕತ್ತರಿಸಿ ನೋಡುತ್ತೇನೆ. ನಿಮ್ಮದರಲ್ಲಿ ಒಂದೇ ವಾಲ್ವಿನ ಸಂದು ಎರಡು ಸಲ ಹೆಚ್ಚಾದರೆ ಸ್ಕ್ರೂ ಮುಟ್ಟಬೇಡಿ, ಸ್ಟಾರ್ಟ್ ಕೂಡ ಮಾಡಬೇಡಿ. ರಾಕರ್ ಕವರ್ ತೆಗೆದು, ಎಂಜಿನ್ನನ್ನು ಕೈಯಲ್ಲೇ ತಿರುಗಿಸುತ್ತಾ, ಪ್ರತಿ ವಾಲ್ವ್ ಎಷ್ಟು ತೆರೆಯುತ್ತದೆ ಎಂದು ಡಯಲ್ ಗೇಜ್ ಇಟ್ಟು ಅಳೆಯಿರಿ. ಆ ವಾಲ್ವ್ ಕಡಿಮೆ ತೆರೆದರೆ ಅದರ ಉಬ್ಬು ಸವೆದಿದೆ ಎಂದೇ ಅರ್ಥ.