ಟಿಟಿ ವ್ಯಾನಿಗೆ ಲಿಥಿಯಂ ಬ್ಯಾಟರಿ: ಮಳೆ ಸೀಮೆಯ ಲೆಕ್ಕ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಬ್ಯಾಟರಿಗೆ ಐದಕ್ಕೆ ನಾಲ್ಕು. ಕೂರಿಸಿಕೊಟ್ಟ ಮೇಸ್ತ್ರಿಗೆ ಐದಕ್ಕೆ ಐದು. ಮಾರಿದವರ ಮಾತಿಗೆ ಎರಡು, ಅದೂ ಸ್ವಲ್ಪ ಧಾರಾಳವಾಗಿ.

ನಮ್ಮದು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್, ಎಲ್ಲರೂ ಕರೆಯುವ ಹಾಗೆ ಟಿಟಿ. ಹಿಂದಿನ ಸೀಟುಗಳನ್ನು ತೆಗೆಸಿ ಎರಡು ಮಂಚ, ಒಂದು ಸಿಂಕು, ಗ್ಯಾಸ್ ಒಲೆ, 12 ವೋಲ್ಟಿನ ಸಣ್ಣ ಫ್ರಿಡ್ಜು ಹಾಕಿಸಿದ್ದೇವೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು. ಗಾಡಿ ಓಡಿಸುವುದು ನಮ್ಮನೆಯವರು, ಕರೆಂಟಿನ ಲೆಕ್ಕ ಇಡುವುದು ನಾನು. ಪ್ಲಗ್ ಪಾಯಿಂಟ್ ಇರುವ ರೆಸಾರ್ಟು ಹುಡುಕಿಕೊಂಡು ನಾವು ಹೋಗುವುದಿಲ್ಲ. ತೀರ್ಥಹಳ್ಳಿ ಕಡೆ ಗುರುತಿನವರ ತೋಟದ ಅಂಗಳ, ಶರಾವತಿ ಹಿನ್ನೀರಿನ ಕಡೆ ನೆಂಟರ ಗದ್ದೆ ಬದಿ, ಹೀಗೆ ಕೇಳಿಕೊಂಡು ನಿಲ್ಲಿಸುತ್ತೇವೆ. ಅರಣ್ಯ ಇಲಾಖೆ ಜಾಗದಲ್ಲಿ ಅನುಮತಿ ಇಲ್ಲದೆ ನಿಲ್ಲಿಸುವುದಿಲ್ಲ. ನೀವೂ ನಿಲ್ಲಿಸಬೇಡಿ.

ಮೊದಲು ಗಾಡಿಯಲ್ಲಿದ್ದದ್ದು 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ. ಮನೆ ಇನ್ವರ್ಟರಿಗೆ ಹಾಕುತ್ತಾರಲ್ಲ, ಅದೇ ಆಸಿಡ್ ಬ್ಯಾಟರಿ. ಎಎಚ್ ಅಂದರೆ ಆಂಪಿಯರ್ ಅವರ್, ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದಷ್ಟು. ಎರಡೂ ಸೇರಿ ನೂರು ಕೆಜಿಗೆ ಕಡಿಮೆ ಇಲ್ಲ. ಮಂಚದ ಕೆಳಗೆ ಕೂತು ಚಾರ್ಜ್ ಆಗುವಾಗ ಆಸಿಡ್ ವಾಸನೆ. ಡಿಸ್ಟಿಲ್ಡ್ ವಾಟರ್ ಹಾಕಬೇಕೆಂದರೆ ಹಾಸಿಗೆ, ಹಲಗೆ ಎಲ್ಲಾ ಎತ್ತಬೇಕು. ಮಳೆಗಾಲದಲ್ಲಿ ಟರ್ಮಿನಲ್ ಮೇಲೆ ಹಸಿರು ಹಸಿರಾಗಿ ಕಿಲುಬು.

ಈಗಿರುವುದು 12.8 ವೋಲ್ಟಿನ 200 ಎಎಚ್ ಲಿಥಿಯಂ. ತೂಕ 24 ಕೆಜಿ, ನಾನೊಬ್ಬಳೇ ಎತ್ತಿದೆ. ಹಿಂದೆ 300 ಎಎಚ್ ಇತ್ತು, ಈಗ 200, ಇದೆಂಥ ಅಪ್‌ಗ್ರೇಡ್ ಅಂತ ಕೇಳಬಹುದು. ಟ್ಯೂಬುಲರ್ ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ 300ರಲ್ಲಿ ಬಳಸಲು ಸಿಗುವುದು 150. ಲಿಥಿಯಂ ಆದರೆ ಶೇಕಡಾ 80 ಆರಾಮಾಗಿ ಬಳಸಬಹುದು, 160 ಸಿಗುತ್ತದೆ. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಹತ್ತು ಎಎಚ್ ಜಾಸ್ತಿ ಸಿಗಲಿ ಅಂತ ಯಾರೂ ಲಕ್ಷ ರೂಪಾಯಿ ಖರ್ಚು ಮಾಡುವುದಿಲ್ಲ ಅಲ್ವಾ?

ದುಡ್ಡು ಕೊಟ್ಟದ್ದು ತುಂಬುವ ವೇಗಕ್ಕೆ. ಮಲೆನಾಡಿನಲ್ಲಿ ಕೊರತೆ ಇರುವುದು ಕರೆಂಟು ಇಟ್ಟುಕೊಳ್ಳುವ ಜಾಗಕ್ಕಲ್ಲ, ತುಂಬಿಸಿಕೊಳ್ಳುವ ಹೊತ್ತಿಗೆ. ನಮ್ಮ ಓಡಾಟವೆಲ್ಲ ಸಣ್ಣದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರು, ಒಂದೂವರೆ ಗಂಟೆ. ಅಲ್ಲಿಂದ ಆಗುಂಬೆಗೆ ಮುಕ್ಕಾಲು ಗಂಟೆ. ಎಂಜಿನ್ ಓಡುವುದೇ ಅಷ್ಟು. ಮೇಲೆ ಸೋಲಾರ್ 400 ವ್ಯಾಟ್ ಇದೆ, ಆದರೆ ಪುನರ್ವಸು ಮಳೆ ಹಿಡಿದರೆ ಅದು ಹೆಸರಿಗೆ ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಮೋಡ ಮುಚ್ಚಿದ ದಿನ ಪ್ಯಾನಲ್ಲು ಕೊಡುವುದು ಬಿಸಿಲಿನ ಹತ್ತನೇ ಒಂದು ಪಾಲು, ಬಹಳ ಅಂದರೆ ಐದನೇ ಒಂದು ಪಾಲು. ಅಡಿಕೆ ತೋಟದ ನೆರಳಲ್ಲಿ ನಿಲ್ಲಿಸಿದರೆ ಬೇಸಿಗೆಯಲ್ಲೂ ಅದೇ ಕತೆ.

ಟ್ಯೂಬುಲರ್ ಬ್ಯಾಟರಿ ಸಣ್ಣ ಬಾಯಿಯ ಕೊಡ ಇದ್ದ ಹಾಗೆ. ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಕೊನೆಯ ಕಾಲು ಭಾಗಕ್ಕೆ ತೊಟ್ಟು ತೊಟ್ಟೇ ಬಿಡಬೇಕು. ಫುಲ್ ಆಗಲು ಇನ್ನೂ ನಾಲ್ಕೈದು ಗಂಟೆ ಬೇಕು. ಅಷ್ಟು ಹೊತ್ತು ನಾವು ಎಲ್ಲಿ ಓಡಿಸುತ್ತೇವೆ? ಹಾಗಾಗಿ ಅದು ಯಾವತ್ತೂ ಪೂರ್ತಿ ತುಂಬುತ್ತಿರಲಿಲ್ಲ. ಅರೆಬರೆ ತುಂಬಿದ ಆಸಿಡ್ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ, ಶಕ್ತಿ ಕುಂದುತ್ತದೆ. ಮಲೆನಾಡಿನ ಕ್ಯಾಂಪಿಂಗ್ ಗಾಡಿಯಲ್ಲಿ ಟ್ಯೂಬುಲರ್ ಬೇಗ ಸಾಯುವುದು ಹೀಗೆ. ಲಿಥಿಯಂಗೆ ಈ ರಗಳೆ ಇಲ್ಲ. ಹೆಚ್ಚುಕಡಿಮೆ ತುಂಬುವ ತನಕ ಕೊಟ್ಟಷ್ಟನ್ನೂ ಒಂದೇ ವೇಗದಲ್ಲಿ ತೆಗೆದುಕೊಳ್ಳುತ್ತದೆ. ಅರ್ಧ ತುಂಬಿಸಿ ಬಿಟ್ಟರೂ ಬೇಜಾರಿಲ್ಲ. ತುಂಬ ದಿನ ಗಾಡಿ ನಿಲ್ಲಿಸುವುದಾದರೆ ಅರ್ಧದಲ್ಲಿ ಇಡುವುದೇ ಅದಕ್ಕೆ ಒಳ್ಳೆಯದು.

ನಮ್ಮ ದಿನದ ಖರ್ಚು ಸುಮಾರು 70 ಎಎಚ್. ಅರ್ಧ ಪಾಲು ಫ್ರಿಡ್ಜಿನದು. ಉಳಿದದ್ದು ಫ್ಯಾನು, ಲೈಟು, ಫೋನು, ನೀರಿನ ಪಂಪು, ಬೆಳಿಗ್ಗೆ ಚಟ್ನಿಗೂ ಮಧ್ಯಾಹ್ನ ಒಂದೆಲಗದ ತಂಬುಳಿಗೂ ಮಿಕ್ಸಿ. ಮಿಕ್ಸಿ ಬಹಳ ತಿನ್ನುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. 750 ವ್ಯಾಟಿನದ್ದು ನಾಲ್ಕು ನಿಮಿಷ ತಿರುಗಿದರೆ 50 ವ್ಯಾಟ್ ಅವರ್, ಅಂದರೆ ನಾಲ್ಕು ಎಎಚ್, ಅಷ್ಟೇ. ಕೂಗಾಟ ಜಾಸ್ತಿ, ಊಟ ಕಡಿಮೆ. ಈಗ ಎಂಜಿನ್ನಿನ ಕರೆಂಟನ್ನು ಹಿಂದಿನ ಬ್ಯಾಟರಿಗೆ ಹದವಾಗಿ ಕೊಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಮೂಲಕ ತೀರ್ಥಹಳ್ಳಿ ತಲುಪುವಷ್ಟರಲ್ಲಿ 45 ಎಎಚ್ ಒಳಗೆ ಹೋಗಿರುತ್ತದೆ. ಆಗುಂಬೆ ತನಕ ಹೋದರೆ ಇನ್ನೂ 20ರ ಮೇಲೆ. ಒಂದು ದಿನದ ಖರ್ಚು ದಾರಿಯಲ್ಲೇ ದುಡಿದಾಯಿತು.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈ ಪುಣ್ಯದಲ್ಲಿ ಅರ್ಧ ಆ ಚಾರ್ಜರಿನದು. ಹಿಂದೆ ಎಂಜಿನ್ನಿಂದ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು), ಉದ್ದದ ವೈರು, ಅಷ್ಟೇ ಇತ್ತು. ದಾರಿಯಲ್ಲೇ ವೋಲ್ಟೇಜು ಇಳಿದು ಹಿಂದಿನ ಬ್ಯಾಟರಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹಾಗಂತ ಲಿಥಿಯಂ ಅನ್ನು ರಿಲೇ ಮೇಲೆ ನೇರ ಕೊಡಬೇಡಿ. ಅದು ಎಳೆಯುವ ರಭಸಕ್ಕೆ ಆಲ್ಟರ್ನೇಟರು, ಅಂದರೆ ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ, ಕಾದುಹೋಗುತ್ತದೆ. ಘಾಟಿ ಹತ್ತುವಾಗ, ಟ್ರಾಫಿಕ್ಕಲ್ಲಿ ಐಡಲ್ ನಿಂತಾಗ ಇನ್ನೂ ಅಪಾಯ. ಅದಲ್ಲದೆ ಓಡುತ್ತಿರುವಾಗ ಬ್ಯಾಟರಿ ಒಳಗೆ ಕಾವಲಿರುವ ಬಿಎಂಎಸ್ ಅನ್ನುವ ಸರ್ಕೀಟು ಫಕ್ಕನೆ ಕಟ್ ಮಾಡಿದರೆ ವೋಲ್ಟೇಜು ಎಗರಿ ಆಲ್ಟರ್ನೇಟರಿನ ಡಯೋಡು ಹೋಗಬಹುದು. ಮಧ್ಯೆ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಬಿಎಸ್6 ಗಾಡಿಗಳಲ್ಲಿ ಎಷ್ಟೋ ಕಡೆ ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರು ಇಳಿಸಿ ಏರಿಸಿ ಮಾಡುತ್ತದೆ. ಅಂಥವಕ್ಕಂತೂ ಬೇರೆ ದಾರಿಯೇ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಮಾತ್ರ ಹಳೆಯ ಆಸಿಡ್‌ದೇ ಇದೆ. ಅದರ ಕೆಲಸ ಬೇರೆ, ಅದನ್ನು ಮುಟ್ಟಲಿಲ್ಲ.

ಇನ್ನು ಮಾರಿದವರ ವಿಷಯ. ಬೆಂಗಳೂರಿನ ಒಂದು ಸಣ್ಣ ಕಂಪನಿ, ಹೆಸರು ಬೇಡ. ಸೆಲ್ಲು ಒಳ್ಳೆಯದೇ ಹಾಕಿದ್ದಾರೆ. ಆದರೆ ಫೋನಿನಲ್ಲಿ ಕೇಳಿದಾಗ "ಮೇಡಂ, ಇಂಡಕ್ಷನ್ ಒಲೆ ಆರಾಮಾಗಿ ನಡೆಯತ್ತೆ" ಅಂದಿದ್ದರು. ನಡೆಯುವುದಿಲ್ಲ. ಒಳಗಿರುವ ಬಿಎಂಎಸ್ 100 ಆಂಪಿಯರಿನದು. ಒಲೆಯನ್ನು 1200 ವ್ಯಾಟಿಗೆ ಇಟ್ಟರೆ 12.8ರಿಂದ ಭಾಗಿಸಿ, 94 ಆಂಪಿಯರು. ಇನ್ವರ್ಟರಿನ ನಷ್ಟ ಸೇರಿದರೆ ನೂರು ದಾಟಿತು. ಸ್ವಲ್ಪ ಹೊತ್ತು ತಡೆದು ಟಪ್ ಅಂತ ಎಲ್ಲಾ ಆಫ್, ಫ್ರಿಡ್ಜೂ ಸೇರಿ. ಎಂಟನೇ ಕ್ಲಾಸಿನ ಮಕ್ಕಳು ಮಾಡುವ ಭಾಗಾಕಾರ ಇದು. ಮಾರುವವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಇಂಡಕ್ಷನ್ ಬೇಕೇ ಬೇಕು ಅನ್ನುವವರು 200 ಆಂಪಿಯರಿನ ಬಿಎಂಎಸ್ ಇರುವುದನ್ನೇ ಕೇಳಿ, ಬರೆಸಿಕೊಳ್ಳಿ. ನಮಗೆ 5 ಕೆಜಿ ಸಿಲಿಂಡರಿದೆ, ಅಕ್ಕಿ ರೊಟ್ಟಿಗೆ ಬೆಂಕಿಯೇ ಸರಿ.

ಎರಡನೇ ತಕರಾರು ಆ್ಯಪಿನ ಮೇಲೆ. ಬ್ಲೂಟೂತಿನಲ್ಲಿ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ತೋರಿಸುತ್ತದೆ, ನೋಡಲು ಚೆಂದ. ಆದರೆ ಸಣ್ಣ ಸಣ್ಣ ಖರ್ಚನ್ನು ಅದು ಸರಿಯಾಗಿ ಎಣಿಸುವುದಿಲ್ಲ. ಒಂದು ಎಲ್‌ಇಡಿ, ಸುಮ್ನೆ ಆನ್ ಇರುವ ಇನ್ವರ್ಟರು, ಇವೆಲ್ಲ ಕಣ್ತಪ್ಪಿ ಹೋಗುತ್ತವೆ. ಮಳೆಗಾಲದಲ್ಲಿ ಪೂರ್ತಿ ಚಾರ್ಜ್ ಆಗದೆ ವಾರ ಕಳೆದರೆ ಅದು ತೋರಿಸುವ ಅಂಕಿಗೂ ಒಳಗಿರುವುದಕ್ಕೂ ಸಂಬಂಧ ತಪ್ಪುತ್ತದೆ. ಕೊಡಚಾದ್ರಿ ಬುಡದಲ್ಲಿ ನಿಲ್ಲಿಸಿದ್ದಾಗ ಇನ್ನೂ ಕಾಲು ಭಾಗ ಇದೆ ಅಂತ ತೋರಿಸುತ್ತಲೇ ಫ್ರಿಡ್ಜು ನಿಂತುಹೋಯಿತು. ವೋಲ್ಟೇಜು ನೋಡಿ ಅಂದಾಜು ಮಾಡೋಣ ಅಂದರೆ ಅದೂ ಆಗದು. ಈ ಜಾತಿಯ ಬ್ಯಾಟರಿ ಮೇಲಿಂದ ಕೆಳಗೆ ಬಹುಪಾಲು 13.2ರ ಆಸುಪಾಸಿನಲ್ಲೇ ಇದ್ದು ಕೊನೆಗೆ ಒಮ್ಮೆಲೇ ಬೀಳುತ್ತದೆ. ಪರಿಹಾರ ಎರಡು. ಒಳಗೆ ಬಂದ, ಹೊರಗೆ ಹೋದ ಕರೆಂಟನ್ನು ಎಣಿಸುವ ಬೇರೆ ಶಂಟ್ ಮೀಟರ್ ಹಾಕಿಸುವುದು, ಇಲ್ಲವೇ ಮನೆಗೆ ಬಂದಾಗ ಮೆಸ್ಕಾಂ ಕರೆಂಟಿನಲ್ಲಿ 14.4 ವೋಲ್ಟ್ ಮುಟ್ಟುವ ತನಕ ತುಂಬಿಸುವುದು. ಆಗ ಲೆಕ್ಕ ಮತ್ತೆ ನೂರಕ್ಕೆ ಬಂದು ಕೂರುತ್ತದೆ. ನಾವು ಎರಡೂ ಮಾಡಿದ್ದೇವೆ.

ಮೂರನೆಯದು ವಾರಂಟಿ. ಐದು ವರ್ಷ ಅಂತ ದೊಡ್ಡದಾಗಿ ಬರೆದಿದೆ. ಕೆಟ್ಟರೆ ನಮ್ಮ ಖರ್ಚಿನಲ್ಲಿ ಬೆಂಗಳೂರಿಗೆ ಕಳಿಸಬೇಕು ಅಂತ ಸಣ್ಣದಾಗಿ ಬರೆದಿದೆ. ನಾನು ವಿಚಾರಿಸಿದ ಪಾರ್ಸೆಲ್ ಆಫೀಸಿನವರು ಲಿಥಿಯಂ ಅಂದ ಕೂಡಲೇ ತಲೆ ಅಲ್ಲಾಡಿಸಿದರು. ಅಂದರೆ ನಾವೇ ಹೊತ್ತುಕೊಂಡು ಹೋಗಬೇಕು.

ಮೇಸ್ತ್ರಿಗೆ ಪೂರ್ತಿ ಅಂಕ ಯಾಕೆ ಅಂದರೆ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಬಸ್ಸುಗಳ ವೈರಿಂಗ್ ಮಾಡಿ ಪಳಗಿದವರು ಅವರು. ಕಂಪನಿ ಕಳಿಸಿದ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ, "ಮೇಡಂ, ಇದು ಫ್ಯಾನಿಗಾದ್ರೆ ಸಾಕು. ನೂರು ಆಂಪಿಯರಿಗೆ ನಾನು ಇದನ್ನ ಹಾಕಲ್ಲ, ನೀವು ಬೇಕಾದ್ರೆ ಬೇರೆ ಕಡೆ ಮಾಡಿಸ್ಕಳಿ" ಅಂದರು. 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ತರಿಸಿದರು. ಕೇಬಲ್ ತುದಿಗೆ ಹಾಕುವ ಲೋಹದ ಲಗ್ಗನ್ನು ಸುತ್ತಿಗೆಯಲ್ಲಿ ಬಡಿಯದೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿದರು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣು ದೂರದಲ್ಲೇ 125 ಆಂಪಿಯರ್ ಫ್ಯೂಸು. ಕೆಲಸ ಮುಗಿದ ಮೇಲೆ ಮಿಕ್ಸಿ, ಪಂಪು, ಫ್ರಿಡ್ಜು ಎಲ್ಲಾ ಒಟ್ಟಿಗೆ ಹಾಕಿಸಿ ಒಂದೊಂದು ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿದರು, ಎಲ್ಲಾದರೂ ಬಿಸಿ ಇದೆಯಾ ಅಂತ. ಡಿಸಿ-ಡಿಸಿ ಚಾರ್ಜರನ್ನು ಮಂಚದ ಪೆಟ್ಟಿಗೆಯೊಳಗೆ ಹಾಕಿ ಅಂತ ನಮ್ಮನೆಯವರು ಹೇಳಿದ್ದಕ್ಕೆ ಒಪ್ಪಲಿಲ್ಲ. ಅದು ವಿಪರೀತ ಕಾಯುತ್ತದೆ, ಕಾದರೆ ತಾನೇ ಆಂಪಿಯರ್ ಇಳಿಸಿಕೊಳ್ಳುತ್ತದೆ. ಗಾಳಿಯಾಡುವ ಕಡೆ ಲಂಬವಾಗಿ ಕೂರಿಸಿದರು. ಇನ್ವರ್ಟರನ್ನು ಲಿಥಿಯಂ ಮೋಡಿಗೆ ತಿರುಗಿಸಿ, ಸೋಲಾರ್ ಕಂಟ್ರೋಲರಿನಲ್ಲಿ ಈಕ್ವಲೈಸೇಷನ್ ಆಫ್ ಮಾಡಿದ್ದೂ ಅವರೇ. ಅದು ಟ್ಯೂಬುಲರ್‌ಗೆ ಬೇಕಾದ ಚಿಕಿತ್ಸೆ, ವೋಲ್ಟೇಜನ್ನು 15ರ ಮೇಲೂ ಎತ್ತುತ್ತದೆ. ಲಿಥಿಯಂಗೆ ಅದು ಆಗಿಬರುವುದಿಲ್ಲ.

ಬೆಂಕಿ ಹತ್ತಿಕೊಳ್ಳಲ್ವಾ ಅಂತ ಕೇಳದವರಿಲ್ಲ. ಎಲೆಕ್ಟ್ರಿಕ್ ಸ್ಕೂಟರು ಉರಿಯುವ ವಿಡಿಯೋ ಎಲ್ಲರೂ ನೋಡಿದ್ದಾರೆ. ನಮ್ಮದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ. ನಿಕ್ಕಲ್ ಕೋಬಾಲ್ಟ್ ಇರುವ ಜಾತಿಗಿಂತ ಬಿಸಿ ತಡೆಯುತ್ತದೆ, ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಮಲಗುವ ಮಂಚದ ಕೆಳಗೆ ಇಡುವುದಾದರೆ ಇದನ್ನು ಬಿಟ್ಟು ಬೇರೆ ಬೇಡ. ನಾನು ಹೆದರುವುದು ಸೆಲ್ಲಿಗಲ್ಲ, ಸಡಿಲ ಲಗ್ಗಿಗೆ. ಹೊಂಡದ ರಸ್ತೆಯಲ್ಲಿ ಅಲುಗಾಡಿ ಬೋಲ್ಟು ಸಡಿಲಾದರೆ ಅಲ್ಲೇ ಕಿಡಿ. ಸ್ಪ್ಯಾನರ್ ಯಾವಾಗಲೂ ಗಾಡಿಯಲ್ಲಿರುತ್ತದೆ.

ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು ಅನ್ನುವುದೊಂದು ಇದೆ. ಲಡಾಖಿಗೆ ಹೋಗುವವರು ತಲೆ ಕೆಡಿಸಿಕೊಳ್ಳಲಿ.

ಚಳಿಗಾಲದ ಹಿನ್ನೀರು ಅಂದರೆ ಕತೆಯೇ ಬೇರೆ. ಜನವರಿಯಲ್ಲಿ ಬಯಲಲ್ಲಿ ನಿಲ್ಲಿಸಿದರೆ 400 ವ್ಯಾಟಿನ ಪ್ಯಾನಲ್ಲು ದಿನಕ್ಕೆ 100 ಎಎಚ್ ಆರಾಮಾಗಿ ಕೊಡುತ್ತದೆ, ಖರ್ಚಿಗಿಂತ ಜಾಸ್ತಿ. ಮೊದಲು ಸಿಗಂದೂರಿಗೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಎಂಜಿನ್ ಆಫ್, ಫ್ರಿಡ್ಜು ಆನ್, ಟ್ಯೂಬುಲರ್ ಅಲ್ಲೇ ಕರಗುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಆ ಕಾಯುವಿಕೆ ಇಲ್ಲ. ಹಾಗಾಗಿ ಬರೀ ಬೇಸಿಗೆ, ಚಳಿಗಾಲದಲ್ಲಿ ಬಿಸಿಲು ಬೀಳುವ ಕಡೆ ತಿರುಗುವವರು ನೀವಾದರೆ, ಈಗಿರುವ ಟ್ಯೂಬುಲರ್ ಗಟ್ಟಿಯಾಗಿದ್ದರೆ, ಈ ಖರ್ಚಿಗೆ ಕೈ ಹಾಕಬೇಡಿ. ಒಂದು ಪ್ಯಾನಲ್ಲು ಜಾಸ್ತಿ ಹಾಕಿಸಿ, ಸಾಕು.

ನಮಗೆ ಬ್ಯಾಟರಿ 74 ಸಾವಿರ, ಚಾರ್ಜರು 20 ಸಾವಿರ, ಕೇಬಲ್, ಫ್ಯೂಸು, ಶಂಟ್, ಕೂಲಿ ಎಲ್ಲಾ ಸೇರಿ ಇನ್ನೊಂದು 16 ಸಾವಿರ. ಬ್ಯಾಟರಿಯ ರೇಟು ಮಾತ್ರ ನೋಡಿ ಹೊರಟರೆ ಮೂರನೇ ಒಂದು ಪಾಲು ಲೆಕ್ಕಕ್ಕೇ ಬರುವುದಿಲ್ಲ, ಜೇಬು ನೋಡಿಕೊಳ್ಳಿ. ಹಳೆಯ ಟ್ಯೂಬುಲರ್‌ಗಳಲ್ಲಿ ಒಂದರಲ್ಲಿ ಇನ್ನೂ ಜೀವ ಇತ್ತು, ತಮ್ಮನ ತೋಟದ ಮನೆಯ ಇನ್ವರ್ಟರಿಗೆ ಹೋಯಿತು. ಇನ್ನೊಂದನ್ನು ಮೇಸ್ತ್ರಿಯೇ ಸೀಸದ ರೇಟಿಗೆ ತೂಕ ಹಾಕಿ, ಕೂಲಿಯಲ್ಲಿ ಮುರಿದುಕೊಂಡರು.