ಮನೆ ಕಟ್ಟುವವರೇ, ಕರೆಂಟಿನ ಅರ್ಜಿಯನ್ನು ಪೂರ್ತಿ ಬೇರೆಯವರ ಕೈಗೆ ಕೊಡಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯೋ ಹೋಂಸ್ಟೇಯೋ ಕಟ್ಟಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಟ್ಟಡದ ಕೆಲಸಕ್ಕೆ ಕರೆಂಟ್ ತಗೊಳ್ಳುವ ವಿಷಯದಲ್ಲಿ ನಮ್ಮ ಮನೆಗೆ ಆದ ಮೋಸ ಇನ್ನೊಬ್ಬರಿಗೆ ಆಗಬಾರದು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಹಳೇ ಮನೆ ಪಕ್ಕದಲ್ಲೇ ಹೊಸ ಮನೆ, ಅದರ ಮಹಡಿಯಲ್ಲಿ ಬಂದವರಿಗೆ ಉಳಿಯಲು ಎರಡು ರೂಮು. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿರುವುದರಿಂದ ಊರಿನ ಓಡಾಟ ಅಪ್ಪಯ್ಯನದು. ಮೇಸ್ತ್ರಿ ಒಬ್ಬ ಎಲೆಕ್ಟ್ರಿಕಲ್ ಕಾಂಟ್ರಾಕ್ಟರನ್ನು ಕರೆದುಕೊಂಡು ಬಂದರು. ಅವನು ಜಗಲಿಯಲ್ಲಿ ಕೂತು, "ಮೇಷ್ಟ್ರೇ, ನೀವೇನೂ ತಲೆ ಕೆಡಿಸ್ಕೋಬೇಡಿ. ಟೆಂಪರರಿ, ಪರ್ಮನೆಂಟು, ಟಿಸಿ ಎಲ್ಲಾ ನನ್ ಜವಾಬ್ದಾರಿ" ಅಂದ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಹೊಸ ಟಿಸಿ ಕೂರಿಸದೆ ಲೋಡ್ ಕೊಡುವುದೇ ಇಲ್ಲ ಅಂತ ನಂಬಿಸಿದ. ಒಂದೂವರೆ ಲಕ್ಷ ಮುಂಗಡ ತಗೊಂಡ. ರಸೀದಿ ಅಂತ ಕೊಟ್ಟಿದ್ದು ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ.

ಕೆಲಸ ಶುರುವಾಯಿತು, ಟೆಂಪರರಿ ಕನೆಕ್ಷನ್ ಬರಲಿಲ್ಲ. ಕೇಳಿದರೆ, "ಹಳ್ಳಿ ಕಡೆ ಆರು ತಿಂಗಳು ಹಿಡಿಯುತ್ತೆ. ಅಲ್ಲೀವರೆಗೆ ತೋಟದ ಪಂಪ್‌ಸೆಟ್ ಲೈನಿಂದ ತಗೊಳ್ಳೋಣ, ಎಲ್ಲರೂ ಹಾಗೇ ಮಾಡೋದು" ಅಂದ. ಅವನೇ ಸ್ಟಾರ್ಟರ್ ಬೋರ್ಡಿನಿಂದ ವೈರ್ ಎಳೆದ. ನಾನು ಮುಂದಿನ ಸಲ ಊರಿಗೆ ಹೋದಾಗ ಕಂಡಿದ್ದನ್ನು ಹೇಳುತ್ತೇನೆ. ಅಡಿಕೆ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ ವೈರು. ಮಧ್ಯೆ ಎರಡು ಕಡೆ ಜಾಯಿಂಟು, ಅದಕ್ಕೆ ಸುತ್ತಿದ ಕಪ್ಪು ಟೇಪು ಬಿಚ್ಚಿ ನೇತಾಡುತ್ತಿತ್ತು. ಮಳೆ ಹನಿ ವೈರಿನ ಮೇಲೆ ಹರಿದು ಬಂದು ಸರಿಯಾಗಿ ಆ ಜಾಯಿಂಟಿನಲ್ಲೇ ತೊಟ್ಟಿಕ್ಕುತ್ತಿತ್ತು. ಈ ಕಡೆ ಕರೆಂಟ್ ಸೋರಿದರೆ ತಾನಾಗಿಯೇ ಕಟ್ ಮಾಡುವ ಇಎಲ್‌ಸಿಬಿ ಇಲ್ಲ, ಅರ್ಥಿಂಗ್ ಇಲ್ಲ. ಕಾಂಕ್ರೀಟ್ ಮಿಕ್ಸರ್ ಮುಟ್ಟಿದ ಒಬ್ಬ ಹುಡುಗನಿಗೆ ಹಿಂದಿನ ವಾರ ಶಾಕ್ ಹೊಡೆದು ಬಿದ್ದಿದ್ದನಂತೆ. ಪುಣ್ಯಕ್ಕೆ ಬದುಕಿಕೊಂಡ. ಆಗುಂಬೆಯ ಮಗ್ಗುಲಲ್ಲಿರುವ ಊರು ನಮ್ಮದು, ಜೂನ್ ಬಂದರೆ ನೆಲ ಒಣಗುವುದೇ ಇಲ್ಲ. ಅಂಥ ಜಾಗದಲ್ಲಿ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಹಾಕದೆ ಕೂಲಿಯವರನ್ನು ಮಿಷಿನ್ ಹತ್ತಿರ ನಿಲ್ಲಿಸುವುದು ಕೊಲೆಗೆ ಸಮ. ಇದನ್ನು ನಾನು ಸಿಟ್ಟಿನಲ್ಲಿ ಹೇಳುತ್ತಿಲ್ಲ. ದುಡ್ಡು ಹೋದರೆ ದುಡಿಯಬಹುದು, ಆ ಹುಡುಗ ಹೋಗಿದ್ದರೆ?

ನಾನು ಅವತ್ತೇ ವೈರ್ ಬಿಚ್ಚಿಸಿದೆ. ಆದರೆ ಅಷ್ಟರಲ್ಲಿ ಕರೆಂಟ್ ಕಂಪನಿಯ ತಪಾಸಣೆಯವರು ಬಂದು ಫೋಟೋ ತೆಗೆದು, ಮಹಜರು ಬರೆದುಕೊಂಡು ಹೋಗಿ ಆಗಿತ್ತು.

ಇಲ್ಲಿ ಕಾನೂನು ಏನು ಅಂತ ಎಲ್ಲರೂ ತಿಳಿದಿರಬೇಕು. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಅದು ತೋಟಕ್ಕೆ ನೀರು ಹಾಯಿಸಲು ಮಾತ್ರ. ಅದರಿಂದ ಮಿಕ್ಸರ್, ಕಟಿಂಗ್ ಮಿಷಿನ್ ಓಡಿಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಅದಕ್ಕೆ ಅನ್ವಯಿಸುವ ದರದ ಎರಡು ಪಟ್ಟು ಕಟ್ಟಬೇಕು. ಯಾವಾಗಿನಿಂದ ಬಳಸಿದ್ದು ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಬಹುದು. ಆದೇಶ ಬರುವುದು ವೈರ್ ಎಳೆದವನಿಗಲ್ಲ, ಜಾಗ ಯಾರ ಸ್ವಾಧೀನದಲ್ಲಿದೆಯೋ ಅವರಿಗೆ. ನಮ್ಮ ಆರ್‌ಆರ್ ನಂಬರ್, ಅಂದರೆ ಕನೆಕ್ಷನ್ನಿನ ನಂಬರ್, ಅಪ್ಪಯ್ಯನ ಹೆಸರಲ್ಲಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯನ ಹೆಸರಿಗೆ ಆ ನೋಟಿಸ್ ಬಂದಾಗ ಅವರು ರಾತ್ರಿ ಊಟ ಬಿಟ್ಟರು. ಕಾಂಟ್ರಾಕ್ಟರ್ ಫೋನ್ ಎತ್ತುವುದನ್ನೇ ನಿಲ್ಲಿಸಿದ.

ಮೊದಲು ಬರುವುದು ತಾತ್ಕಾಲಿಕ ಆದೇಶ. ಅದಕ್ಕೆ ಆಕ್ಷೇಪಣೆ ಸಲ್ಲಿಸಬಹುದು, ಖಂಡಿತ ಸಲ್ಲಿಸಿ. ಕೆಲಸ ಶುರುವಾದ ದಿನಾಂಕಕ್ಕೆ ದಾಖಲೆ ಇದ್ದರೆ 12 ತಿಂಗಳ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು. ನಮಗೆ ಉಪಯೋಗಕ್ಕೆ ಬಂದಿದ್ದು ಪಂಚಾಯ್ತಿಯ ಲೈಸೆನ್ಸ್ ಮತ್ತು ಜಲ್ಲಿ, ಸಿಮೆಂಟಿನ ಬಿಲ್ಲು. ಅಂತಿಮ ಆದೇಶವೂ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ 127ನೇ ಸೆಕ್ಷನ್ ಕೆಳಗೆ ಮೇಲ್ಮನವಿ ಇದೆ, ಆದರೆ ಅರ್ಧ ಹಣ ಮೊದಲೇ ಕಟ್ಟಬೇಕು.

ಆಮೇಲೆ ನಾನೇ ಕರೆಂಟ್ ಕಂಪನಿ ಮೆಸ್ಕಾಂನ ಶಾಖಾ ಕಚೇರಿಗೆ ಹೋಗಿ ನಮ್ಮ ಫೈಲ್ ಕೇಳಿದೆ. ಅಲ್ಲಿ ಪೂರ್ತಿ ಕಥೆ ಗೊತ್ತಾಯಿತು. ಟೆಂಪರರಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಪರ್ಮನೆಂಟಿನ ಅರ್ಜಿಯಲ್ಲಿ ಅಪ್ಪಯ್ಯನ ಹೆಸರಿದೆ, ಮೊಬೈಲ್ ನಂಬರ್ ಕಾಂಟ್ರಾಕ್ಟರನದು. ಹಾಗಾಗಿ ಕಚೇರಿಯಿಂದ ಹೋದ ಒಂದು ಮೆಸೇಜೂ ನಮಗೆ ಬಂದಿರಲಿಲ್ಲ. ಅರ್ಜಿಯ ಮೇಲಿದ್ದ ಲೈಸೆನ್ಸ್ ಸೀಲು ಬೇರೆ ಯಾರದ್ದೋ. ಶಾಖಾಧಿಕಾರಿ ಎಸ್ಟಿಮೇಟಿನ ಜೊತೆಗಿದ್ದ ಸ್ಕೆಚ್ ತೆಗೆದು ತೋರಿಸಿದರು. ಪೆನ್ಸಿಲಿನಲ್ಲಿ ಹಳ್ಳ, ಹಳ್ಳದ ಆಚೆ ಇರುವ 63 ಕೆವಿಎ ಟಿಸಿ, ಅಲ್ಲಿಂದ ನಮ್ಮ ಮನೆಗೆ ಎರಡು ಹೊಸ ಕಂಬ. ಅಷ್ಟೇ. ಹೊಸ ಟಿಸಿಯ ಮಾತೇ ಅದರಲ್ಲಿಲ್ಲ! ನಮ್ಮಿಂದ ಮುಂಗಡ ಕಿತ್ತುಕೊಂಡಿದ್ದು ಬೇಕಿಲ್ಲದ ಟಿಸಿಯ ಹೆಸರಲ್ಲಿ. ಎಸ್ಟಿಮೇಟಿನ ದುಡ್ಡನ್ನೂ ಅವನು ಕಟ್ಟಿರಲಿಲ್ಲ.

ಆರು ತಿಂಗಳು ಹಿಡಿಯುತ್ತೆ ಅನ್ನುವ ಮಾತು ಕೂಡ ಸುಳ್ಳು. ಕೇಂದ್ರ ಸರ್ಕಾರದ ಗ್ರಾಹಕ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ಆಗಿದೆ. ಅರ್ಜಿ ಸರಿಯಾಗಿದ್ದರೆ ಹಳ್ಳಿಯಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಯಾದರೆ 30 ದಿನದೊಳಗೆ ಕನೆಕ್ಷನ್ ಕೊಡಬೇಕು. ಹೊಸದಾಗಿ ಲೈನ್ ಎಳೆಯಬೇಕಾದಲ್ಲಿ ಮಾತ್ರ ಇದಕ್ಕಿಂತ ಜಾಸ್ತಿ ಸಮಯ. ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ಲೈನು ಬೇರೆಯವರ ತೋಟದ ಮೇಲೆ ಹೋಗುವುದಾದರೆ ತಕರಾರು ಬರುತ್ತದೆ, ಅರಣ್ಯದ ಜಾಗ ದಾಟುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೇ ಪಾಯ ತೋಡುವ ಮೊದಲೇ ಲೈನ್ ಎಲ್ಲಿಂದ ಬರುತ್ತೆ ಅಂತ ಸ್ಥಳದಲ್ಲೇ ನಿಂತು ಕೇಳಿಕೊಳ್ಳಿ.

ಅರ್ಜಿಯಲ್ಲಿ ನಿಮ್ಮ ಹೆಸರು, ನಿಮ್ಮದೇ ಮೊಬೈಲ್ ನಂಬರ್ ಇರಲಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಅರ್ಜಿ ನಂಬರ್ ಬರೆದಿಟ್ಟುಕೊಳ್ಳಿ. ಎಸ್ಟಿಮೇಟಿನ ಪ್ರತಿ ನಿಮ್ಮ ಕೈಗೆ ಬರುವ ತನಕ ಟಿಸಿ, ಕಂಬ ಅಂತ ಯಾರಿಗೂ ದುಡ್ಡು ಕೊಡಬೇಡಿ. ಕಂಪನಿಗೆ ಸೇರುವ ಹಣವನ್ನು ನೀವೇ ಕಟ್ಟಿ, ರಸೀದಿ ತಗೊಳ್ಳಿ. ಡಿಪಾಸಿಟ್ ನಿಮ್ಮ ದುಡ್ಡು, ಅದಕ್ಕೆ ಬಡ್ಡಿಯೂ ಬರುತ್ತದೆ, ರಸೀದಿ ಇಲ್ಲದಿದ್ದರೆ ವಾಪಸ್ ಕೇಳುವುದು ಕಷ್ಟ. ಕಾಂಟ್ರಾಕ್ಟರಿಗೆ ಅವನ ಕೂಲಿ, ಸಾಮಾನಿನ ಬೆಲೆ ಮಾತ್ರ ಕೊಡಿ, ಅದೂ ಕೆಲಸ ನೋಡಿಕೊಂಡು. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಅವನ ಹೆಸರಲ್ಲೇ ಇದೆಯಾ ಅಂತ ಕೇಳಿ ನೋಡಿ. ನಿಜವಾದ ಲೈಸೆನ್ಸ್ ಇರುವವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಟೆಂಪರರಿ ಕನೆಕ್ಷನ್ನಿನ ದರ ಮನೆ ದರಕ್ಕಿಂತ ಜಾಸ್ತಿ, ನಿಜ. ಆದರೂ ತಗೊಳ್ಳಿ. ಎರಡು ಪಟ್ಟು ದಂಡದ ಮುಂದೆ ಅದು ಏನೂ ಅಲ್ಲ.

ಮನೆ ಮುಗಿದ ಮೇಲೆ ಅದನ್ನೇ ಪರ್ಮನೆಂಟ್ ಮಾಡಿಸಿಕೊಡ್ತೀನಿ, ಕಾಗದ ಏನೂ ಬೇಡ ಅನ್ನುವವರನ್ನು ನಂಬಬೇಡಿ. ಕಟ್ಟಡ ಪೂರ್ಣಗೊಂಡ ಅಥವಾ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ ನೋಡಿಯೇ ಕರೆಂಟ್, ನೀರು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. 1,200 ಚದರಡಿಯೊಳಗಿನ ಸೈಟಿನ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ವಿನಾಯಿತಿ ತಂದಿದೆ. ನಿಮ್ಮ ಕಟ್ಟಡ ಯಾವುದಕ್ಕೆ ಸೇರುತ್ತದೆ, ಯಾವ ಕಾಗದ ಬೇಕು ಅಂತ ಕಚೇರಿಯಲ್ಲೇ ಕೇಳಿ. ಪಂಚಾಯ್ತಿ ಕೊಡುವ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ 9, 11 ನಮೂನೆಗಳನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಒಳ್ಳೇದು.

ಸಂಶಯ ಬಂದರೆ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಅರ್ಜಿ ಎಲ್ಲಿದೆ ಅಂತ ವಿಚಾರಿಸಿ. ಅರ್ಜಿ ಕಚೇರಿಯಲ್ಲೇ ಕೊಳೆಯುತ್ತಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಬರೆಯಬಹುದು. ಅದಕ್ಕೆ ವಕೀಲರೇ ಬೇಕಂತಿಲ್ಲ.

ನಾವು ಈಗ ಹೊಸ ಅರ್ಜಿ ಹಾಕಿ, ದುಡ್ಡು ನಾವೇ ಕಟ್ಟಿದ್ದೇವೆ. ಮುಂಗಡ ವಾಪಸ್ ಬಂದಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ, ಸೀಲು ಎರವಲು ಕೊಟ್ಟವರ ಮೇಲೆ ಪರಿವೀಕ್ಷಣಾಲಯಕ್ಕೂ ಬರೆದಿದ್ದೇವೆ. ನಮ್ಮ ಸುತ್ತಮುತ್ತ ಟಿಸಿ ಹೆಸರಲ್ಲಿ ಹೀಗೇ ಮುಂಗಡ ಕೊಟ್ಟು ಕಾಯುತ್ತಿರುವವರು ಇದ್ದರೆ ನಾಳೆಯೇ ಶಾಖಾ ಕಚೇರಿಗೆ ಹೋಗಿ ನಿಮ್ಮ ಫೈಲ್ ತೆಗೆಸಿ ನೋಡಿ.