ಗೆಳೆಯನಿಗೆ ವಿಂಡೋಸ್ ಡಿಸ್ಕ್ ಕಾಪಿ ಮಾಡಿಕೊಡುವ ಮುಂಚೆ ಇದನ್ನು ಓದಿ

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ನಿನ್ನ ಹತ್ರ ಒರಿಜಿನಲ್ ವಿಂಡೋಸ್ ಇದೆಯಲ್ಲ, ಪೆನ್‌ಡ್ರೈವ್‌ಗೆ ಹಾಕಿಕೊಡು. ಕೀ ನಂಬರ್ ವಾಟ್ಸಾಪ್ ಮಾಡು" ಅಂದ. ಪಕ್ಕದ ಮನೆಯಲ್ಲಿ ಹೆಪ್ಪಿಗೆ ಮೊಸರು ಕೇಳುವಷ್ಟು ಸಲೀಸಾಗಿ ಕೇಳಿದ. 2011ರಲ್ಲಿ ತಿಪಟೂರಿನ ನನ್ನ ಗೆಳೆಯನೂ ಹೀಗೇ ಕೇಳಿದ್ದ. ನಾನು ಹಿಂದೆ ಮುಂದೆ ನೋಡದೆ ಮಾಡಿಕೊಟ್ಟಿದ್ದೆ. ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಈ ತಪ್ಪು ನನ್ನ ತಲೆಗೆ ಹೊಕ್ಕಿದ್ದು ಒಂದು ಒಳ್ಳೆಯ ಕೆಲಸದಿಂದ. ಆ ಕಾಲದಲ್ಲಿ ಕ್ಯಾನೊನಿಕಲ್ ಕಂಪನಿಯವರು ಉಬುಂಟು ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ವೆಬ್‌ಸೈಟಿನಲ್ಲಿ ವಿಳಾಸ ತುಂಬಿದರೆ ಕೆಲವು ವಾರಕ್ಕೆ ಪೋಸ್ಟ್‌ಮ್ಯಾನ್ ತಂದುಕೊಡುತ್ತಿದ್ದ. 2008ರಲ್ಲಿ ನನಗೆ ಅದರ 8.04 ಆವೃತ್ತಿ ಬಂತು. ಹಾಸ್ಟೆಲ್‌ನಲ್ಲಿ ಹತ್ತು ಹನ್ನೆರಡು ಜನರಿಗೆ ಕಾಪಿ ಮಾಡಿ ಹಂಚಿದೆ. ಅದರಲ್ಲಿ ಏನೂ ತಪ್ಪಿಲ್ಲ. ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್ 1992ರಿಂದ ಜಿಪಿಎಲ್ ಲೈಸೆನ್ಸ್‌ನಲ್ಲಿದೆ. ಕಾಪಿ ಮಾಡು, ಹಂಚು, ಬೇಕಾದರೆ ತಿದ್ದು, ತಿದ್ದಿದ್ದನ್ನು ಹಂಚುವಾಗ ಸೋರ್ಸ್ ಕೋಡನ್ನೂ (ಪ್ರೋಗ್ರಾಂನ ಮೂಲ ಬರಹ) ಕೊಡು ಅನ್ನುವ ಲೈಸೆನ್ಸ್ ಅದು. ನಾನು ಲೈಸೆನ್ಸ್ ಎಲ್ಲಿ ಓದಿದೆ? ಆಪರೇಟಿಂಗ್ ಸಿಸ್ಟಂ ಡಿಸ್ಕ್ ಅಂದರೆ ಹಂಚಿಕೊಳ್ಳುವ ವಸ್ತು ಅಂತಲೇ ಅಂದುಕೊಂಡೆ.

2010ರಲ್ಲಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆ. ಜೊತೆಗೆ ವಿಂಡೋಸ್ 7 ಹೋಮ್ ಪ್ರೀಮಿಯಂ ತಗೊಂಡೆ. ಅಂಗಡಿಯವರು ಕೊಟ್ಟಿದ್ದು ಓಇಎಂ ಡಿಸ್ಕ್. ಹೊಸ ಕಂಪ್ಯೂಟರ್ ಜೊತೆಗೆ ಮಾತ್ರ ಕೊಡತಕ್ಕದ್ದು ಅಂತ ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಆ ಲೈಸೆನ್ಸ್ ಆ ಒಂದು ಪೆಟ್ಟಿಗೆಗೆ ಅಂಟಿದ್ದು. ನಾಳೆ ನಾನೇ ಬೇರೆ ಕಂಪ್ಯೂಟರ್ ಕೊಂಡರೂ ಅದಕ್ಕೆ ಹಾಕುವಂತಿಲ್ಲ. ವಿಂಡೋಸ್ ಅಸಲಿ ಅಂತ ತೋರಿಸುವ 25 ಅಕ್ಷರದ ಕೀ ಇರುವ ಸ್ಟಿಕರನ್ನು ಸಿಪಿಯು ಪಕ್ಕಕ್ಕೆ ಅಂಟಿಸಿದ್ದರು.

ಗೆಳೆಯನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪಾಸ್‌ಪೋರ್ಟ್ ಸೈಜ್ ಫೋಟೋ, ಬಾಂಡ್ ಪೇಪರಿನ ಕರಾರು ಪತ್ರ, ಇಂಥವು. ನುಡಿ ತಂತ್ರಾಂಶದಲ್ಲಿ ಕನ್ನಡವನ್ನು ಅವನಷ್ಟು ಬೇಗ ಟೈಪ್ ಮಾಡುವವರನ್ನು ನಾನು ನೋಡಿಲ್ಲ. (ಫೋಟೋಶಾಪ್ ಎಲ್ಲಿಂದ ಬಂದಿತ್ತು ಅಂತ ಕೇಳಬೇಡಿ.) ಅವನ ವಿಂಡೋಸ್ ಎಕ್ಸ್‌ಪಿ ಹಾಳಾಗಿತ್ತು. "ಗುರು, ನಿನ್ ಡಿಸ್ಕ್ ಒಂದು ಕಾಪಿ ಹೊಡ್ಕೊಡು" ಅಂದ. ಒಂದು ಮೋಸರ್ ಬೇರ್ ಖಾಲಿ ಡಿವಿಡಿಗೆ ಬರೆದೆ. ಮರೆತುಹೋದೀತು ಅಂತ ಅದರ ಮೇಲೆ ಮಾರ್ಕರ್‌ನಲ್ಲಿ ಕೀಯನ್ನೂ ಬರೆದೆ. ದುಡ್ಡು ಮುಟ್ಟಲಿಲ್ಲ. ಒಂದು ಚೀಲ ತೆಂಗಿನಕಾಯಿ ಕೊಟ್ಟ, ಅಷ್ಟೇ.

ಕಾನೂನು ಏನು ಹೇಳುತ್ತದೆ ಅಂತ ಆಮೇಲೆ ಓದಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಂನ ಪ್ರತಿಯನ್ನು ಸರಿಯಾದ ದಾರಿಯಲ್ಲಿ ಪಡೆದವರು ಅದು ಹಾಳಾದರೆ, ಕಳೆದುಹೋದರೆ ಇರಲಿ ಅಂತ ಬ್ಯಾಕಪ್ ಇಟ್ಟುಕೊಳ್ಳಬಹುದು. ನನ್ನ ಡಿವಿಡಿಗೆ ಗೀರು ಬಿದ್ದೀತು ಅಂತ ನಾನೊಂದು ಕಾಪಿ ತೆಗೆದಿಟ್ಟರೆ ತೊಂದರೆ ಇಲ್ಲ. ಗೆಳೆಯನಿಗೆ ಕೊಟ್ಟಿದ್ದು ಬ್ಯಾಕಪ್ ಅಲ್ಲ. 63ಬಿ ಕಲಂ ಕಳ್ಳ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವವರಿಗೆ. 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ವ್ಯಾಪಾರಕ್ಕೆ, ಲಾಭಕ್ಕೆ ಬಳಸಿಲ್ಲದಿದ್ದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೇ ನಿಲ್ಲಿಸಬಹುದು. ಆದರೆ ಅವನದು ಅಂಗಡಿ, ಆ ರಿಯಾಯಿತಿಯೂ ಸಿಗುತ್ತಿರಲಿಲ್ಲ. ಪೊಲೀಸರು ಯಾರೂ ಬರಲಿಲ್ಲ ಬಿಡಿ. ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ.

ಮೊದಲು ಎಲ್ಲ ಸರಿಯಾಗೇ ಇತ್ತು. ಕೆಲವು ತಿಂಗಳ ಮೇಲೆ ಅವನ ಪರದೆ ಕಪ್ಪಾಯಿತು. ಈ ವಿಂಡೋಸ್ ಅಸಲಿ ಅಲ್ಲ ಅಂತ ಮೂಲೆಯಲ್ಲಿ ಬರಹ. ಮಂಜುನಾಥಸ್ವಾಮಿ ಫೋಟೋ ಹಾಕುತ್ತಾನೆ, ಸ್ವಲ್ಪ ಹೊತ್ತಿಗೆ ಮತ್ತೆ ಕಪ್ಪು. ಗಿರಾಕಿಗಳ ಮುಂದೆ ಅವಮಾನ. ಅದೇ ಊರಿನ ರಿಪೇರಿ ಹುಡುಗನೊಬ್ಬ ಬಂದು, ವಿಂಡೋಸ್ ಅಸಲಿ ಅಂತ ನಂಬಿಸುವ ಲೋಡರ್ ಅನ್ನುವ ಕಳ್ಳ ಪ್ರೋಗ್ರಾಂ ಹಾಕಿಕೊಟ್ಟ. ಹಾಕುವಾಗ ಆಂಟಿವೈರಸ್ ತೆಗೆಸಿದ. ಕಳ್ಳ ಆಕ್ಟಿವೇಶನ್ ಹಿಡಿಯುವ ಅಪ್‌ಡೇಟ್ ಬಂದರೆ ಮತ್ತೆ ಕಪ್ಪಾಗುತ್ತೆ ಅಂತ ವಿಂಡೋಸ್ ಅಪ್‌ಡೇಟನ್ನೂ ಪೂರ್ತಿ ಬಂದ್ ಮಾಡಿದ. ಇದೊಂದು ಕೆಲಸ ಮುಂದೆ ಅವನ ಅಂಗಡಿಯನ್ನೇ ಮುಳುಗಿಸುವುದಿತ್ತು.

ಅಷ್ಟರಲ್ಲಿ ನನಗೂ ಒಂದು ಏಟು ಬಿತ್ತು. ನನ್ನ ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಹೊಸದು ಹಾಕಿ, ದುಡ್ಡು ಕೊಟ್ಟು ತಂದ ನನ್ನದೇ ಡಿವಿಡಿಯಿಂದ ಇನ್‌ಸ್ಟಾಲ್ ಮಾಡಿದೆ. ಆನ್‌ಲೈನ್ ಆಕ್ಟಿವೇಶನ್ ಆಗಲೇ ಇಲ್ಲ. ಈ ಕೀ ಈಗಾಗಲೇ ಬೇರೆ ಕಡೆ ಬಳಕೆಯಾಗಿದೆ ಅಂತು. ಫೋನಿನಲ್ಲಿ ಆಕ್ಟಿವೇಶನ್ ಮಾಡಬೇಕಾಯಿತು. ಪರದೆ ಮೇಲೆ ಆರಾರು ಅಂಕಿಯ ಒಂಬತ್ತು ಗುಂಪು, ಒಟ್ಟು 54 ಅಂಕಿ. ಒಂದೊಂದಾಗಿ ಒತ್ತಬೇಕು. ಆಮೇಲೆ ಮನುಷ್ಯರೇ ಲೈನಿಗೆ ಬಂದು, "ಇದು ಎಷ್ಟು ಕಂಪ್ಯೂಟರಿನಲ್ಲಿದೆ ಸರ್?" ಅಂತ ಕೇಳಿದರು. "ಒಂದೇ" ಅಂದೆ. ನನ್ನ ಸ್ವಂತ ವಸ್ತುವಿಗೆ ನಾನೇ ಸುಳ್ಳು ಹೇಳಿದೆ, ನೋಡಿ.

ಇನ್ನು 2017. ಮೇ 12, ಶುಕ್ರವಾರ. ಮದುವೆ ಸೀಸನ್ನು. ಸಂಜೆ ಏಳರ ಹೊತ್ತಿಗೆ ಗೆಳೆಯನ ಫೋನ್ ಬಂತು. "ಲೋ, ಕಂಪ್ಯೂಟರ್ ತುಂಬಾ ಕೆಂಪಗೊಂದು ಬೋರ್ಡ್ ಬಂದಿದೆ, ಗಡಿಯಾರ ಓಡ್ತಾ ಇದೆ. 300 ಡಾಲರ್ ಕೊಡು ಅಂತಿದೆ. ರೀಸ್ಟಾರ್ಟ್ ಮಾಡಿದೆ, ಆದ್ರೂ ಹೋಗ್ತಿಲ್ಲ" ಅಂದ. ಅದು ವನ್ನಾಕ್ರೈ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ನಮ್ಮ ರೂಪಾಯಿಯಲ್ಲಿ ಆಗ ಸುಮಾರು 19 ಸಾವಿರ, ಅದೂ ಬಿಟ್‌ಕಾಯಿನ್‌ನಲ್ಲಿ. ಮೂರು ದಿನ ಕಳೆದರೆ ಎರಡರಷ್ಟು. ಪ್ರತಿ ಫೋಟೋ, ಪ್ರತಿ ಕರಾರು ಪತ್ರದ ಹೆಸರಿನ ಬಾಲಕ್ಕೆ ಡಬ್ಲ್ಯುಎನ್‌ಸಿಆರ್‌ವೈ ಅಂಟಿಕೊಂಡಿತ್ತು. ಬ್ಯಾಕಪ್‌ಗೆ ಅಂತ ಇಟ್ಟಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸದಾ ಕಂಪ್ಯೂಟರಿಗೇ ಸಿಕ್ಕಿಸಿರುತ್ತಿತ್ತು. ಅದೂ ಹೋಯಿತು.

ಆ ವೈರಸ್ ಬರಲು ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ವಿಂಡೋಸ್‌ನ ಫೈಲ್ ಶೇರಿಂಗ್‌ನಲ್ಲಿದ್ದ ಒಂದು ತೂತನ್ನು ಹಿಡಿದು ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಅವನ ಅಂಗಡಿಯಲ್ಲಿ ಮೋಡೆಮ್‌ನಿಂದ ನೇರ ಕಂಪ್ಯೂಟರಿಗೆ ವೈರು, ನಡುವೆ ರೂಟರ್ ಇಲ್ಲ. ಮೈಕ್ರೋಸಾಫ್ಟ್ ಆ ತೂತು ಮುಚ್ಚುವ ಅಪ್‌ಡೇಟನ್ನು ಮಾರ್ಚ್ 14ಕ್ಕೇ ಬಿಟ್ಟಿತ್ತು. ಎರಡು ತಿಂಗಳ ಮುಂಚೆ! ನನ್ನನ್ನು ಇವತ್ತಿಗೂ ಚುಚ್ಚುವ ಇನ್ನೊಂದು ಮಾತಿದೆ. ಅಸಲಿ ಅಲ್ಲದ ವಿಂಡೋಸ್ 7ಗೂ ಸೆಕ್ಯುರಿಟಿ ಅಪ್‌ಡೇಟ್ ಬರುತ್ತಿತ್ತು. ಅವನು ಲೋಡರ್ ಹಾಕಿಸದೆ ಕಪ್ಪು ಪರದೆಯನ್ನೇ ಸಹಿಸಿಕೊಂಡಿದ್ದರೆ ಬಚಾವಾಗುತ್ತಿದ್ದ.

ಮುಂದಿನ ವಾರ, ವೈರಸ್ ಫೈಲುಗಳಿಗೆ ಹಾಕಿದ ಬೀಗದ ಕೀ ವಾಪಸ್ ತೆಗೆಯುವ ಒಂದು ಸಾಧನವನ್ನೂ ಫ್ರಾನ್ಸಿನವರು ಮಾಡಿ ಪುಕ್ಕಟೆ ಹಂಚಿದರು. ಆ ಕೀ ಮಾಡಲು ವೈರಸ್ ಬಳಸಿದ ಸಂಖ್ಯೆಗಳು ಕಂಪ್ಯೂಟರಿನ ಮೆಮೊರಿಯಲ್ಲಿ ಇನ್ನೂ ಉಳಿದಿದ್ದರೆ ಅದು ಹುಡುಕಿ ತೆಗೆಯುತ್ತಿತ್ತು. ಷರತ್ತು ಒಂದೇ. ರೀಸ್ಟಾರ್ಟ್ ಮಾಡಿರಬಾರದು.

ದುಡ್ಡು ಕಟ್ಟಲಿಲ್ಲ. ನಾನು ಮೂರು ದಿನ ರಜೆ ಹಾಕಿ ತಿಪಟೂರಿಗೆ ಹೋದೆ. ಗಿರಾಕಿಗಳ ಪೆನ್‌ಡ್ರೈವ್, ಜಿಮೇಲ್, ಮೊಬೈಲುಗಳಿಂದ ಸಿಕ್ಕಷ್ಟು ಫೋಟೋ ಒಟ್ಟು ಮಾಡಿದೆವು. ನಾಲ್ಕು ಲಗ್ನಪತ್ರಿಕೆಗಳನ್ನು ಅವನು ಮೊದಲಿಂದ ಕೂತು ಟೈಪ್ ಮಾಡಿದ. ಒಂದರ ಅಚ್ಚು ತಡವಾಗಿ ಹುಡುಗಿಯ ತಂದೆ ಅಂಗಡಿ ಮುಂದೆ ನಿಂತು ಬೈದರು. ಬೈಗುಳ ಅವನು ತಿಂದ, ನಾನು ಪಕ್ಕದಲ್ಲಿ ಸುಮ್ನೆ ನಿಂತಿದ್ದೆ. ಅವನ ಹತ್ತು ವರ್ಷದ ಫೈಲುಗಳಲ್ಲಿ ಜಾಸ್ತಿ ಪಾಲು ಬರಲೇ ಇಲ್ಲ.

ಈಗ ಯಾರಾದರೂ ನಿಮ್ಮನ್ನು ಕೇಳಿದರೆ ಮೊದಲು ಯಾವ ಡಿಸ್ಕ್ ಅಂತ ನೋಡಿ. ಉಬುಂಟು, ಡೆಬಿಯನ್, ಫೆಡೋರಾದಂಥ ಲಿನಕ್ಸ್ ಆದರೆ ಧಾರಾಳವಾಗಿ ಹಂಚಿ. ವಿಂಡೋಸ್ ಆದರೆ ಡಿಸ್ಕ್ ಹಂಚುವ ಅಗತ್ಯವೇ ಈಗ ಇಲ್ಲ. ವಿಂಡೋಸ್ 11ರ ಫೈಲನ್ನು ಮೈಕ್ರೋಸಾಫ್ಟ್ ತನ್ನ ಸೈಟಿನಲ್ಲೇ ಬಿಟ್ಟಿಯಾಗಿ ಇಟ್ಟಿದೆ, ಅವರೇ ಇಳಿಸಿಕೊಳ್ಳಲಿ. ಕಾಸು ಕೊಡಬೇಕಾದದ್ದು ಲೈಸೆನ್ಸ್‌ಗೆ. ನಿಮ್ಮ ಕೀ ಮಾತ್ರ ಯಾರಿಗೂ ಕೊಡಬೇಡಿ. ವಿಂಡೋಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪ್ ಆಗಿದ್ದರೆ, ವಿಂಡೋಸ್ 8ರ ಕಾಲದಿಂದ ಈಚೆಗೆ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಅದೇ ಎಡಿಷನ್ ಹಾಕಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಆಂಟಿವೈರಸ್ ಆಫ್ ಮಾಡಿ ಅನ್ನುವ ಆಕ್ಟಿವೇಟರ್ ಯಾರು ತಂದರೂ ಬಾಗಿಲಿಂದಲೇ ವಾಪಸ್ ಕಳಿಸಿ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅಯ್ಯೋ ಅಣ್ಣಾ, ಕೀ ಒಂದೇ ಒಂದ್ಸಲ ಹಾಕಿಕೊಡು, ಏನಾಗುತ್ತೆ" ಅಂದ. ತಿಪಟೂರಿನ ಗೆಳೆಯನ ನಂಬರ್ ಕೊಟ್ಟು, ಅವನನ್ನೇ ಕೇಳು ಅಂದೆ. ಇನ್ನೂ ಫೋನ್ ಮಾಡಿಲ್ಲವಂತೆ.